ಮೋಟುಬಾಲದ ಗಡವ ಮರಿ ಎತ್ತಿಕೊಂಡು ಹೋದದ್ದು

ಕಾಲು ಮಡಚಿ ಕೂತು ಕೇಳಿ ಮಕ್ಕಳಾ, ನಡುವೆ ಎದ್ದು ಹೋದವರಿಗೆ ನಾನು ಮತ್ತೆ ಹೇಳುವವಳಲ್ಲ.

ಒಬ್ಬ ಜಟ್ಟಿ, ತಲೆ ನರೆತವನು, ತನ್ನ ಗುರುವನ್ನು ಕೇಳಿದ: "ವಸ್ತಾದರೇ, ನಿನ್ನೆ ಮೊನ್ನೆ ಮೀಸೆ ಬಂದವನು ನನ್ನನ್ನು ಮೂರು ಸಲ ಚಿತ್ ಮಾಡಿದ. ಗರಡಿಯಲ್ಲಿ ನನ್ನ ಮರ್ಯಾದೆ ಉಳಿಯಬೇಕಾದರೆ ಇನ್ನು ಯಾವ ಪಟ್ಟು ಕಲಿಯಲಿ?"

ಗುರು ಹೇಳಿದರು:

ಒಂದು ಗುಡ್ಡದಲ್ಲಿ ಮಂಗಗಳ ಹಿಂಡಿತ್ತು. ಗಂಡುಗಳಲ್ಲಿ ಎಲ್ಲರಿಗಿಂತ ಮೇಲಿನವನು ಹಿರಿಗಡವ. ಅವನ ಬಾಲ ಮೋಟು. ಅದನ್ನು ಕಚ್ಚಿ ತುಂಡು ಮಾಡಿದವನು ಅದೇ ಹಿಂಡಿನ ಇನ್ನೊಬ್ಬ ಗಡವ. ಅವನ ತುಟಿಯನ್ನು ಈ ಮೋಟುಬಾಲ ಸೀಳಿದ್ದ. ಹತ್ತು ವರ್ಷ ಇಬ್ಬರೂ ಒಂದೇ ಕೊಂಬೆಯಲ್ಲಿ ಕೂತವರಲ್ಲ. ಕಣ್ಣಿಗೆ ಕಣ್ಣು ಬಿದ್ದರೆ ಸಾಕು, ಹಲ್ಲು ಹೊರಗೆ.

ಒಂದು ದಿನ ಬೇರೆ ಹಿಂಡಿನಿಂದ ಹರೆಯದ ಗಡವನೊಬ್ಬ ಬಂದ. ಏನು ಭುಜ, ಏನು ನೆಗೆತ. ಬಂದವನೇ ಮೋಟುಬಾಲನನ್ನು ಆಲದ ಮರದಿಂದ ಕೆಡವಿದ. ಮರುದಿನವೂ ಕೆಡವಿದ. ಇನ್ನೊಮ್ಮೆ ಬಿದ್ದರೆ ಹಿಂಡನ್ನೇ ಬಿಟ್ಟು ಹೋಗಬೇಕು. ಗುಡ್ಡದ ಬುಡದಲ್ಲಿ ಊರನಾಯಿಗಳು. ಒಂಟಿ ಮುದುಕ ಎಷ್ಟು ದಿನ ಬದುಕಿಯಾನು?

ಮಂಗಗಳಲ್ಲಿ ಒಂದು ರೀತಿ ಉಂಟು. ಮರಿ ಹಿಡಿದು ಬಂದವನನ್ನು ಯಾವ ಗಡವನೂ ಕಚ್ಚುವುದಿಲ್ಲ. ಮೋಟುಬಾಲ ಒಬ್ಬ ತಾಯಿಯನ್ನು ಗೋಗರೆದು ಮರಿಯನ್ನು ಎದೆಗೆ ಅವಚಿಕೊಂಡ. ಮೂರು ಕಾಲಲ್ಲಿ ಕುಂಟುತ್ತ ನೆಟ್ಟಗೆ ಸೀಳುತುಟಿಯವನ ಹತ್ತಿರ ನಡೆದ. ಹಿಂಡಿಗೆ ಹಿಂಡೇ ತಿನ್ನುವುದನ್ನು ಬಿಟ್ಟು ನೋಡಿತು.

"ಹಾದಿ ತಪ್ಪಿತೇನೋ ಮೋಟಾ?"

"ನಾಳೆ ನಾನು ಬಿದ್ದರೆ ನಾಡಿದ್ದು ನೀನು. ನೀನೂ ಮರಿ ಹಿಡಕೋ."

"ಮೇಲಿನ ಕೊಂಬೆ ನನಗೆ ಬಿಡ್ತೀಯಾ?"

"ಬಿಟ್ಟೆ."

ಇಬ್ಬರೂ ಮರಿಯನ್ನು ನಡುವೆ ಹಿಡಿದು, ಮಂಗಗಳು ರಾಜಿಯಾಗುವಾಗ ಮಾಡುವಂತೆ ತುಟಿ ಚಪ್ಪರಿಸಿದರು. ಆಮೇಲೆ ಒಬ್ಬರ ಹೇನು ಒಬ್ಬರು ಹೆಕ್ಕಿದರು.

ಬೆಳಗಾದದ್ದೇ ತಡ, ಹರೆಯದವನು ಗುರ್ರೆಂದು ನುಗ್ಗಿದ. ನೋಡಿದರೆ ಮುಂದೆ ಸೀಳುತುಟಿ, ಹಿಂದೆ ಮೋಟುಬಾಲ. ಮುಂದಿನವನ ಮೇಲೆ ಹಾರಿದರೆ ತೊಡೆಗೆ ಹಿಂದಿನವನ ಹಲ್ಲು. ತಿರುಗಿದರೆ ಬೆನ್ನಿಗೆ ಮುಂದಿನವನ ಉಗುರು. ಬಂಡೆಯಿಂದ ಬಂಡೆಗೆ ಹಾರಿ, ಗುಡ್ಡದ ಆಚೆಗೆ ಓಡಿಯೇ ಓಡಿದ.

ಸೀಳುತುಟಿಯವನು ಹಿರಿಗಡವನಾದ. ಮೋಟುಬಾಲ ಅವನ ಕೆಳಗಿನ ಕೊಂಬೆಯಲ್ಲಿ ಕೂತು, ಅವನು ತಿಂದ ಮೇಲೆ ತಿಂದು, ಹಲ್ಲು ಉದುರುವವರೆಗೂ ಹಿಂಡಿನಲ್ಲೇ ಬಾಳಿದ. ಹರೆಯದವನು ಮರುವರ್ಷ ಬಂದು ಹಿಂಡಿನ ಅಂಚಿಗೆ ಸೇರಿಕೊಂಡ. ಆ ಮುದುಕರ ಹತ್ತಿರ ಹೋಗುವಾಗಲೆಲ್ಲ ಅವನ ಎದೆಯಲ್ಲೂ ಒಂದು ಮರಿ ಇರುತ್ತಿತ್ತು.

"ಹಾಗಾದರೆ ಪಟ್ಟು ಯಾವುದು?" ಎಂದ ಜಟ್ಟಿ.

ಗುರು ಹಳೆಯ ಕುಸ್ತಿಯಲ್ಲಿ ಜಜ್ಜಿಹೋದ ಅವನ ಕಿವಿಯನ್ನೇ ನೋಡುತ್ತ ಕೇಳಿದರು: "ಈ ಕಿವಿಯನ್ನು ಚಪ್ಪಟೆ ಮಾಡಿದ ನಿನ್ನ ಹಳೆಯ ಎದುರಾಳಿಗೂ ಈಗ ನಿನ್ನಷ್ಟೇ ವಯಸ್ಸಲ್ಲವೇನಪ್ಪಾ?"

ಜಟ್ಟಿ ಎದ್ದು ಆ ಎದುರಾಳಿಯ ಮನೆಯ ಹಾದಿ ಹಿಡಿದ.