ಅಂಬಿಗನ ಕೆಟ್ಟ ಕಿವಿ

"ಬುದ್ಧಿ, ಅಡುಗೆಮನೆಯ ಗುರುಸಿದ್ದಪ್ಪನನ್ನು ಮಠದಿಂದ ಕಳಿಸುವುದು ಯಾವಾಗ?" ಎಂದು ಶಿಷ್ಯ ಚನ್ನಮಲ್ಲ ಗುರುಗಳನ್ನು ಕೇಳಿದ.

ಉತ್ತರಕ್ಕೂ ಕಾಯದೆ ಚನ್ನಮಲ್ಲನೇ ಮುಂದುವರಿಸಿದ. "ಅವನ ಬಾಯಿಗೆ ಹೆದರಿ ಯಾರೂ ಅಡುಗೆಮನೆ ಕಡೆ ತಲೆ ಹಾಕುತ್ತಿಲ್ಲ. ನಿನ್ನೆ ನನ್ನನ್ನು, ಸೌಟು ಹಿಡಿಯಲು ಬಾರದವನು ಜಪಮಣಿ ಹಿಡಿಯಲು ಬಂದಿದ್ದಾನೆ ಎಂದ. ಅವನೊಬ್ಬ ತೊಲಗಿದರೆ ಮಠ ತಣ್ಣಗಿರುತ್ತದೆ. ತಾವು ನೋಡಿದರೆ, ತಡಿ ನೋಡೋಣ, ತಡಿ ನೋಡೋಣ ಎನ್ನುತ್ತೀರಿ. ಅದರಲ್ಲಿ ನೋಡುವುದೇನಿದೆ?"

"ಕೂತುಕೋ. ನೋಡುವುದೇನಿದೆ ಎಂದು ನಿನ್ನ ಹಾಗೆಯೇ ಕೇಳಿದ ಒಬ್ಬ ಅಂಬಿಗನಿದ್ದ" ಎಂದು ಗುರುಗಳು ಹೇಳತೊಡಗಿದರು.

ಆ ಅಂಬಿಗನಿಗೆ ಬಲಗಿವಿ ಸೋರುತ್ತಿತ್ತು. ಎಣ್ಣೆ ಹಾಕಿದ, ಬೆಳ್ಳುಳ್ಳಿ ರಸ ಹಾಕಿದ, ಯಾರು ಏನು ಹೇಳಿದರೆ ಅದನ್ನು ಹಾಕಿದ. ಸೋರುವುದು ನಿಲ್ಲಲಿಲ್ಲ. ಎಡಗಿವಿ ಚೆನ್ನಾಗಿ ಕೇಳುತ್ತಿತ್ತು, ನಿಜ. ಆದರೆ ಒಂದೇ ಕಿವಿಯಲ್ಲಿ ಕೇಳುವವನಿಗೆ ಕೂಗು ಯಾವ ದಡದಿಂದ ಬಂತು ಎಂದು ಹೇಗೆ ಗೊತ್ತಾಗಬೇಕು? ಈಚೆ ಜನ ಕಾದಿದ್ದರೆ ಅವನು ಆಚೆ ಹೋಗಿ ನಿಲ್ಲುತ್ತಿದ್ದ. ಬೈಸಿಕೊಂಡು ಬರಿ ದೋಣಿ ತರುತ್ತಿದ್ದ.

ಆದರೆ ನಿಲ್ಲುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಡುಹೊಳೆಯಲ್ಲಿ ದೋಣಿ ಎಷ್ಟೇ ಹೊಯ್ದಾಡಲಿ, ಹಿಂತುದಿಯಲ್ಲಿ ಗಳ ಹಿಡಿದು ನೆಟ್ಟಗೆ ನಿಲ್ಲುತ್ತಿದ್ದ. ಆ ನಿಲುವೇ ಅವನ ಅನ್ನ. ಕತ್ತಲಾದ ಮೇಲೆ ಮಾತ್ರ ಜಪ್ಪಯ್ಯ ಅಂದರೂ ದೋಣಿ ಹತ್ತುತ್ತಿರಲಿಲ್ಲ. ಗಂಗಮ್ಮ ಮಲಗುವ ಹೊತ್ತು, ಎಬ್ಬಿಸಬಾರದು ಎನ್ನುತ್ತಿದ್ದ. ಊರಿನವರು ಆಹಾ ಎಂಥ ಭಕ್ತಿ ಎಂದರು. ಅವನೂ ಹಾಗೇ ನಂಬಿಕೊಂಡಿದ್ದ.

ಇನ್ನೊಂದು ಅಭ್ಯಾಸವಿತ್ತು. ದೇವರ ಮುಂದೆ ಕಣ್ಣು ಮುಚ್ಚುವಾಗ ಅವನ ಒಂದು ಕೈ ಎದೆಗೆ ಹೋಗುತ್ತಿತ್ತು, ಇನ್ನೊಂದು ಕೈ ಹೆಂಡತಿಯ ಭುಜಕ್ಕೆ. ಮುಖ ತೊಳೆಯುವಾಗಲೂ ಅವಳ ಭುಜ ಬೇಕು. ಇಂಥ ಗಂಡ ಯಾರಿಗುಂಟು ಎಂದು ಅವಳು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು ಪಾಪ.

ಕೊನೆಗೆ ಅವಳೇ ಅವನನ್ನು ಕಿವಿಯ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಔಷಧಿ ಕೊಟ್ಟು ಮೊದಲು ಕಿವಿ ಒಣಗಿಸಿದರು. ಆಮೇಲೆ ಒಳಗೆ ಇಣುಕಿ, ಕಿವಿಯ ತಮಟೆಗೆ ತೂತು ಬಿದ್ದಿದೆ, ಹಿಂದೆ ಹುಳುಕೂ ಇದೆ, ಆಪರೇಷನ್ ಆಗಬೇಕು ಎಂದರು.

"ಪೂರ್ತಿ ಕೆರೆದು ಹಾಕಿಬಿಡಿ ತಾಯಿ," ಎಂದ ಅಂಬಿಗ. "ಈ ದರಿದ್ರ ಕಿವಿ ಇದ್ದರೂ ಒಂದೇ, ಹೋದರೂ ಒಂದೇ. ಒಳ್ಳೆಯದು ಇನ್ನೊಂದಿದೆಯಲ್ಲ."

"ಅದಕ್ಕೆ ಮುಂಚೆ ನೀವು ಹೇಗೆ ನಿಲ್ಲುತ್ತೀರಿ ನೋಡಬೇಕು."

ಅಂಬಿಗ ಹೆಂಡತಿಯ ಮುಖ ನೋಡಿ ನಕ್ಕ. "ಕೆಟ್ಟಿರುವುದು ಕಿವಿ ತಾಯಿ, ಕಾಲಲ್ಲ. ನಾನು ನಿಲ್ಲುವುದರಲ್ಲಿ ನೋಡುವುದೇನಿದೆ?"

ಡಾಕ್ಟರಮ್ಮ ನೆಲದ ಮೇಲೆ ದಪ್ಪನೆಯ ಸ್ಪಂಜಿನ ದಿಂಬು ಹಾಕಿಸಿದರು. ಅಂಬಿಗ ಅದರ ಮೇಲೆ ಎದೆ ಉಬ್ಬಿಸಿ ನಿಂತ. ಕಣ್ಣು ಮುಚ್ಚಿ ಎಂದರು. ಮುಚ್ಚಿದ. ಮುಚ್ಚಿದ ಕೂಡಲೇ ಅವನ ಕೈ ತಾನಾಗಿ ಹೆಂಡತಿಯ ಭುಜ ಹುಡುಕಿತು. ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಸರಿಸಿದರು. ಅಂಬಿಗ ಎಡಕ್ಕೆ ವಾಲಿದ, ಇನ್ನೂ ವಾಲಿದ, ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನ ಮೇಲೆ ಧೊಪ್ಪನೆ ಬಿದ್ದ.

"ದಿಂಬು ಸರಿಯಿಲ್ಲ" ಎಂದ.

ಸರಿ, ಬರಿ ನೆಲದ ಮೇಲೆ ಕಣ್ಣು ಮುಚ್ಚಿ, ನಿಂತಲ್ಲೇ ಹೆಜ್ಜೆ ಹಾಕಿ ಎಂದರು. ಗತ್ತಿನಿಂದ ಹಾಕಿದ. ಕಣ್ಣು ಬಿಟ್ಟಾಗ ಎದುರಿಗೆ ಡಾಕ್ಟರಮ್ಮನಿಲ್ಲ, ಬಾಗಿಲಿದೆ. "ಕೋಣೆಯನ್ನು ತಿರುಗಿಸಿದವರು ಯಾರು?" ಎಂದು ರೇಗಿದ.

ಆಮೇಲೆ ಮಲಗಿಸಿ ಕಿವಿಗೆ ಗಾಳಿ ಊದಿದರು. ಎಡಗಿವಿಗೆ ತಣ್ಣನೆಯದನ್ನು ಊದಿದರು, ಬಿಸಿಯದನ್ನು ಊದಿದರು. ಅವನು ಕಲ್ಲಿನ ಹಾಗೆ ಮಲಗಿದ್ದ. ಬಲಗಿವಿಗೆ ಊದಿದ್ದೇ ತಡ, ಕೋಣೆ ಗಿರಗಿರ ಸುತ್ತಿತು. "ಅಯ್ಯಯ್ಯೋ, ಸುಳಿಗೆ ಬಿದ್ದೆ!" ಎಂದು ಮಂಚ ತಬ್ಬಿಕೊಂಡ.

ಹಿಂದೆ ಯಾವತ್ತಾದರೂ ತಲೆ ತಿರುಗಿ ಮಲಗಿದ್ದರೇ ಎಂದು ಡಾಕ್ಟರಮ್ಮ ಕೇಳಿದರು. "ಮದುವೆಯಾದ ಹೊಸತರಲ್ಲಿ ಒಂದು ವಾರ ಏಳಲೇ ಇಲ್ಲ, ಬರೀ ವಾಂತಿ. ದೃಷ್ಟಿಯಾಗಿದೆ ಅಂತ ನಿವಾಳಿಸಿದೆವು" ಎಂದಳು ಹೆಂಡತಿ.

"ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಅಲ್ಲ," ಎಂದರು ಡಾಕ್ಟರಮ್ಮ. "ನಮ್ಮನ್ನು ಬೀಳದಂತೆ ನಿಲ್ಲಿಸುವುದೂ ಅದೇ. ನಿಮ್ಮ ಒಳ್ಳೆಯ ಕಿವಿ ಆವತ್ತೇ ಆ ಕೆಲಸ ಬಿಟ್ಟಿದೆ. ಊರ ಮಾತೆಲ್ಲ ಕೇಳಿಸಿಕೊಂಡು ಹಾಯಾಗಿದೆ. ಅಂದಿನಿಂದ ನಿಮ್ಮನ್ನು ದೋಣಿಯಲ್ಲಿ ನಿಲ್ಲಿಸಿರುವುದು ಈ ದರಿದ್ರ ಕಿವಿ, ಜೊತೆಗೆ ಕಣ್ಣು. ನೋಡದೆ ಕೆರೆದು, ಇದರ ಒಳಭಾಗಕ್ಕೂ ಪೆಟ್ಟಾಗಿದ್ದರೆ ಅಂಗಳದಲ್ಲೂ ಓಲಾಡಬೇಕಾಗುತ್ತಿತ್ತು."

ಅಂಬಿಗನಿಗೆ, ಅನ್ನ ಹಾಕುವ ಕಿವಿಗೆ ಇಷ್ಟು ವರ್ಷ ಬೈದೆನಲ್ಲ ಎಂದು ಅಳುವೇ ಬಂತು. "ಬೇಡ ತಾಯಿ, ಸೋರಿಕೊಂಡೇ ಇರಲಿ, ಮುಟ್ಟಬೇಡಿ" ಎಂದು ಎರಡೂ ಕೈಯಲ್ಲಿ ಬಲಗಿವಿ ಮುಚ್ಚಿಕೊಂಡ.

"ಬಿಟ್ಟರೆ ಹುಳುಕು ಒಳಕ್ಕೆ ಹೋಗುತ್ತದೆ. ಈಗ ಗೊತ್ತಾಯಿತಲ್ಲ, ನೋಡಿಕೊಂಡು ಕೈ ಹಾಕುತ್ತೇನೆ" ಎಂದರು ಅವರು. ಹಾಗೆಯೇ ಮಾಡಿದರು. ಹುಳುಕು ತೆಗೆದರು, ತೂತು ಮುಚ್ಚಿದರು, ಅವನನ್ನು ನಿಲ್ಲಿಸಿದ್ದನ್ನು ಮುಟ್ಟಲಿಲ್ಲ. ಅಂಬಿಗ ಮತ್ತೆ ದೋಣಿಯಲ್ಲಿ ನಿಂತ. ಈ ಸಲ ಕೂಗಿದ ದಡಕ್ಕೇ ಹೋದ.

ಮನೆಯಲ್ಲಿ ಮಾತ್ರ ಹೆಂಡತಿ ಮುಖ ಊದಿಸಿಕೊಂಡಿದ್ದಳು. "ಪ್ರೀತಿ ಅಂದುಕೊಂಡಿದ್ದೆ. ಬೀಳುತ್ತೀರಿ ಅಂತ ಹಿಡಿದದ್ದಾ? ಇನ್ನು ಮೇಲೆ ಗೋಡೆ ಹಿಡಿದುಕೊಳ್ಳಿ."

"ಗೋಡೆ ಮೊದಲೂ ಇತ್ತಲ್ಲೇ," ಎಂದ ಅಂಬಿಗ. "ಅದನ್ನು ಬಿಟ್ಟು ನಿನ್ನನ್ನೇ ಹಿಡಿದೆನಲ್ಲ."

ಅವಳು ಗೊಣಗಿಕೊಂಡೇ ಬಂದು ಭುಜ ಕೊಟ್ಟಳು.

ಚನ್ನಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, "ಅದು ಸರಿ ಬುದ್ಧಿ, ಗುರುಸಿದ್ದಪ್ಪನ ವಿಷಯ?" ಎಂದ. ಅಷ್ಟರಲ್ಲಿ ಅಡುಗೆಮನೆಯಿಂದ ಗುರುಸಿದ್ದಪ್ಪನ ಕೂಗು ಬಂತು: "ಅನ್ನ ಆರುತ್ತಿದೆ, ಎದ್ದು ಬರುತ್ತೀರೋ, ಎಲ್ಲರನ್ನೂ ಹೊತ್ತುಕೊಂಡು ಬರಲೋ?"

ಗುರುಗಳು ಏಳುತ್ತಾ ಹೇಳಿದರು: "ಕಳಿಸೋಣ. ಅದಕ್ಕೆ ಮುಂಚೆ ನಾಳೆ ಒಂದು ದಿನ ಅವನಿಗೆ ರಜ ಕೊಟ್ಟು, ನಾವೆಲ್ಲ ಕಣ್ಣು ಮುಚ್ಚಿ ನಿಂತು ನೋಡೋಣ."

ಚನ್ನಮಲ್ಲ ಎಲ್ಲರಿಗಿಂತ ಮೊದಲು ಅಡುಗೆಮನೆ ಕಡೆ ನಡೆದ.