ಬಾಣಂತಿಗೆ ಜಾಗವಿಲ್ಲದ ಮನೆ

ಒಂದೂರಿತ್ತಂತೆ, ಆ ಊರಿಗೊಬ್ಬ ರಾಜನಿದ್ದನಂತೆ. ರಾಜನ ಉಗ್ರಾಣದಲ್ಲಿ ದವಸ ಅಳೆಯೋ ಕೆಲಸ ಮರಿಬಸವಯ್ಯನದು. ಸಿರಿವಂತನೂ ಅಲ್ಲ, ಬಡವನೂ ಅಲ್ಲ. ಮೂರಂಕಣದ ಮನೆ, ಹೆಂಡತಿ ದೇವೀರಮ್ಮ. ಮಕ್ಕಳಿರಲಿಲ್ಲ. ಹೆತ್ತವರು ತೀರಿಕೊಂಡ ಮೇಲೆ ತಂಗಿ ಚೆನ್ನಾಜಿಯನ್ನ ಇವನೇ ಎತ್ತಿ ಆಡಿಸಿ ಬೆಳೆಸಿ, ಏಳು ಹರದಾರಿ ಆಚೆಗೆ ಮದುವೆ ಮಾಡಿಕೊಟ್ಟಿದ್ದ. ಕಳಿಸುವಾಗ, ಚೊಚ್ಚಲ ಹೆರಿಗೆಗೆ ನಮ್ಮನೆಗೇ ಬರಬೇಕು ಅಂತ ಮಾತು ತಗೊಂಡಿದ್ದನಂತೆ.

ತಂಗಿ ಹೋದ ಮೇಲೆ ಮನೆ ಬಿಕೋ ಅನ್ನೋದು. ಆಗ ಒಬ್ಬ ವ್ಯಾಪಾರಿ ಎತ್ತಿನ ಮೇಲೆ ಸಾಮಾನು ಹೇರಿಕೊಂಡು ಬೀದಿಗೆ ಬಂದ. ಆಳೆತ್ತರದ ಹಿತ್ತಾಳೆ ದೀಪ ತೋರಿಸಿ, "ನಿಮ್ಮಂಥೋರ ಮನೇಲಿ ಇದಿಲ್ಲವೇ ಸ್ವಾಮಿ?" ಅಂದ.

ಮರಿಬಸವಯ್ಯನಿಗೆ ನಾಚಿಕೆಯಾಯ್ತು. ಕೊಂಡ. ಮುಂದಿನ ವಾರ ಮಂಚ ಬಂತು. ಅದರ ಮುಂದಿನ ವಾರ ತಾಮ್ರದ ಹಂಡೆ. ಪ್ರತಿ ವಾರ ಅದೇ ಮಾತು, ಪ್ರತಿ ವಾರ ಅದೇ ನಾಚಿಕೆ. ಉಣ್ಣೋರು ಇಬ್ಬರು, ತಟ್ಟೆ ಅರವತ್ತು. ಮಂಚದ ಮೇಲೆ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಹಂಡೆ, ಹಂಡೆ ಒಳಗೆ ಚೊಂಬು. ಗಂಡ ಹೆಂಡಿರು ಜಗಲಿ ಮೇಲೆ ಮಲಗೋ ಹಾಗಾಯ್ತಂತೆ. ಆದರೂ ಬೀದಿಯವರು ಇಣುಕಿ ನೋಡಿ ಹೊಗಳಿದರೆ ದೇವೀರಮ್ಮನ ಮುಖ ಅರಳೋದು. ಅವನಿಗೂ ಅಷ್ಟೇ ಸಾಕಿತ್ತು.

ಹೀಗಿರುವಾಗ ತುಂಬು ಬಸುರಿ ಚೆನ್ನಾಜಿ ಬಂದಳು. ಗಂಡ ಬಂಡಿಯಲ್ಲಿ ತಂದು ಬಿಟ್ಟು, ಬಿತ್ತನೆ ಕೆಲಸವಿದೆ ಅಂತ ತಿರುಗಿಹೋದ. ಬಾಗಿಲಲ್ಲಿ ನಿಂತ ಚೆನ್ನಾಜಿಗೆ ಒಳಗೆ ಕಾಲಿಡೋಕೆ ದಾರಿ ಕಾಣಲಿಲ್ಲ.

"ಅಣ್ಣಯ್ಯ, ಒಂದು ಚಾಪೆ ಹಾಸುವಷ್ಟು ಜಾಗ ಸಾಕು," ಅಂದಳು.

"ಎರಡು ದಿನ ಜಗಲಿ ಮೇಲಿರು ತಾಯಿ, ಜಾಗ ಮಾಡ್ತೀನಿ."

ಮೊದಲನೇ ದಿನ ಹಂಡೆ ಎತ್ತಿದ. ನೆಗ್ಗೀತು ಅಂದಳು ದೇವೀರಮ್ಮ. ಇಳಿಸಿದ. ಎರಡನೇ ದಿನ ಮಂಚವನ್ನ ಅಂಗಳಕ್ಕೆ ತಂದ. ಮೋಡ ಕಂಡು ಒಳಗೆ ಸಾಗಿಸಿದ. ಮೂರನೇ ದಿನ ನಡುಮಧ್ಯಾಹ್ನ ವ್ಯಾಪಾರಿ ಬಂದ. ಗಿಳಿ ಕೆತ್ತಿದ ತೊಟ್ಟಿಲು ತಂದಿದ್ದ. ತಂಗಿ ಮಗುವಿಗೆ ಇಂಥದ್ದೇ ಬೇಕು ಅಂತ ಮರಿಬಸವಯ್ಯ ಬೀದಿಯಲ್ಲಿ ನಿಂತು ಮೈಮರೆತು ಚೌಕಾಸಿ ಮಾಡಿದ. ತಿರುಗಿ ನೋಡಿದರೆ ಜಗಲಿ ಬರಿದಾಗಿತ್ತು.

ಮರೆಯಿಲ್ಲದ ಜಗಲಿ ಮೇಲೆ ಚೆನ್ನಾಜಿಗೆ ನೋವು ಕಾಣಿಸಿಕೊಂಡಿತ್ತಂತೆ. ಒಳಗೆ ಬಿಡಿ ಅಂತ ಅತ್ತಿಗೆಯನ್ನ ಕೂಗಿದರೆ ಅವಳು ದಾರಿ ಬಿಡಿಸೋಕೆ ಪೆಟ್ಟಿಗೆ ಎಳೆಯುತ್ತಾ ಒದ್ದಾಡುತ್ತಿದ್ದಳು. ಎದುರು ಗುಡಿಸಲಿನ ಸಣ್ಣಮ್ಮ, ಹಗ್ಗ ಹೊಸೆದು ಬದುಕೋ ಮುದುಕಿ, ಓಡಿಬಂದು ತೋಳು ಹಿಡಿದು ತನ್ನ ಮನೆಗೆ ನಡೆಸಿಕೊಂಡು ಹೋದಳು. ಇದ್ದ ಒಂದು ಚಾಪೆ ಹಾಸಿದಳು. ಹೊತ್ತು ಮುಳುಗೋದರೊಳಗೆ ಹೆಣ್ಣುಮಗು ಹುಟ್ಟಿತು. ಬಾಣಂತನವನ್ನೂ ಅವಳೇ ಮಾಡಿದಳು.

ಹೆಸರಿಡೋ ದಿನ ಮರಿಬಸವಯ್ಯ ತೊಟ್ಟಿಲು ಹೊತ್ತು ಹೋದ. ಗುಡಿಸಲಿನ ತೊಲೆಗೆ ಹಗ್ಗ ಕಟ್ಟಿ, ಹಳೇ ಸೀರೆಯಲ್ಲಿ ಮಗುವನ್ನ ಮಲಗಿಸಿದ್ದರು.

"ತೊಟ್ಟಿಲು ತವರಿಂದ ಬರಬೇಕಲ್ಲವಾ ತಾಯಿ, ತಂದಿದೀನಿ," ಅಂದ.

ಚೆನ್ನಾಜಿ ಸಿಟ್ಟು ಮಾಡಲಿಲ್ಲ. "ಬಂದಾಗಿದೆ ಅಣ್ಣಯ್ಯ," ಅಂತ ತೊಲೆ ಕಡೆ ನೋಡಿದಳು. ಬೀದಿಯವರಿಗೆಲ್ಲ ಕೊಟ್ಟ ಹಾಗೆ ಅವನಿಗೂ ಒಂದು ಹಿಡಿ ಸಕ್ಕರೆ ಕೊಟ್ಟಳು. ಅದನ್ನ ಮುಷ್ಟಿಯಲ್ಲಿ ಹಿಡಿದುಕೊಂಡೇ, ತೊಟ್ಟಿಲನ್ನ ಮತ್ತೆ ಹೊತ್ತು ಮನೆಗೆ ಬಂದ. ತಿನ್ನೋಕಾಗಲಿಲ್ಲ.

ಆಮೇಲೆ ಅವನು ಒಂದಂಕಣದ ಸಾಮಾನೆಲ್ಲ ಹೊರಗೆ ಹಾಕಿ ಖಾಲಿ ಮಾಡಿದ. ಗುಡಿಸಿ, ಸಾರಿಸಿ, ಚಾಪೆ ಹಾಸಿಟ್ಟ. ಎರಡು ವರ್ಷ ಕಳೆದು ಚೆನ್ನಾಜಿ ಮತ್ತೆ ಬಸುರಿಯಾದಳು. ಬಂಡಿ ಬಂತು. ಮರಿಬಸವಯ್ಯ ಎದ್ದು ಬಾಗಿಲಿಗೆ ಬಂದು ನಿಂತ. ಅವಳು ಇಳಿದು, "ಅವ್ವಾ" ಅಂತ ಕೂಗುತ್ತಾ ಎದುರು ಗುಡಿಸಲಿಗೆ ಹೋದಳಂತೆ.

ನಡೆದದ್ದು ಅವರಿಗೆ, ಕೇಳಿದ್ದು ನೀವು. ಹೇಳಿದ ಬಾಯಿಗೆ ಒಂದೆಲೆ ಅಡಿಕೆ ಸಾಕು.