ಪಿಸುಮಾತಿನ ಬಂಡೆ

ಕರ್ಕಿಹಾಳದ ಬಳಿ ತುಂಗಭದ್ರೆಗೆ ಈಗ ಸೇತುವೆಯಿದೆ. ಅದರ ಕೆಳಗೆ, ಆಚೆ ದಡದ ನೀರಂಚಿನಲ್ಲಿ ಎತ್ತು ಮಲಗಿದಂತೆ ಕಾಣುವ ಕರಿಗಲ್ಲಿಗೆ ಪಿಸುಮಾತಿನ ಬಂಡೆ ಎಂದು ಹೆಸರು. ಹೊಸಬರು ಅದಕ್ಕೆ ಕಿವಿಯಿಟ್ಟು ನೋಡುತ್ತಾರೆ. ಬಂಡೆ ತುಟಿ ಪಿಟಕ್ಕೆನ್ನುವುದಿಲ್ಲ, ಪಿಸುಗುಟ್ಟಿದವರು ಮನುಷ್ಯರು.

ಹಿಂದೆ ಒಮ್ಮೆ ಇಲ್ಲಿ ಸೇತುವೆಯಿರಲಿ, ದೋಣಿಯೂ ಇರಲಿಲ್ಲ. ಬೇಸಿಗೆಯಲ್ಲಿ ಹೊಳೆಯನ್ನು ನಡೆದೇ ದಾಟಿ ಆಚೆ ದಡದ ಊರಿಗೆ ಹೆಣ್ಣು ಕೊಡುತ್ತಿದ್ದರು. ಮಳೆಗಾಲ ಹಿಡಿದರೆ ತಾಯಿ ಈಚೆ, ಮಗಳು ಆಚೆ. ಹೊಳೆ ಇಕ್ಕಟ್ಟಾಗುವ ಈ ಜಾಗದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ ಮಾತಾಡುವುದೇ ಪದ್ಧತಿ. ಎರಡೂರಿಗೂ ಕೇಳುವ ಮಾತಲ್ಲವೇ, ಎಲ್ಲರ ಮಗಳೂ ಕೂಗುತ್ತಿದ್ದದ್ದು ಒಂದೇ: ಆರಾಮ. ಕರ್ಕಿಹಾಳದ ಸಂಕವ್ವನ ಒಬ್ಬಳೇ ಮಗಳು ಹೊನ್ನವ್ವನೂ ಮದುವೆಯಾದ ವರ್ಷ ಹಾಗೆಯೇ ಕೂಗುತ್ತಿದ್ದಳು. ಬರಬರುತ್ತ ಅವಳ ದನಿ ಸೊರಗಿತು, ಕೆಲವು ದಿನ ದಡಕ್ಕೇ ಬರಲಿಲ್ಲ. ಬಂದಾಗ ಏನೋ ಹೇಳಲು ಬಾಯಿ ತೆರೆದು, ಬಟ್ಟೆ ಒಗೆಯುವ ಅತ್ತೆಯ ಕಡೆ ನೋಡಿ, ಮತ್ತೆ ಆರಾಮ ಎನ್ನುತ್ತಿದ್ದಳು. ಹೊಡೆಯುತ್ತಾರೋ, ಉಪವಾಸ ಕೆಡವುತ್ತಾರೋ ಎಂದು ಸಂಕವ್ವ ಹಗಲಿಡೀ ದಡದಲ್ಲೇ ಕಾಯತೊಡಗಿದಳು.

ಅದೇ ಮಳೆಗಾಲದಲ್ಲಿ ಮೇಲಿನ ಸೀಮೆಯಿಂದ ಬಂದ ಭರಮನೆಂಬವನು ಬಿದಿರು ಹೆಣೆದು, ಎಮ್ಮೆಯ ತೊಗಲು ಬಿಗಿದು, ಇಲ್ಲಿ ಯಾರೂ ಕಂಡಿರದ ಹರಿಗೋಲೊಂದನ್ನು ನೀರಿಗಿಳಿಸಿದ. ಸತ್ತ ಎಮ್ಮೆಯ ತೊಗಲಲ್ಲಿ ಕೂತವರು ಗುಡಿಯ ಹೊಸ್ತಿಲು ತುಳಿಯುವಂತಿಲ್ಲ ಎಂದು ಹಿರಿಯರು ಕಟ್ಟಪ್ಪಣೆ ಮಾಡಿದರು. ಸಂಕವ್ವ ಸೆರಗು ಬಿಗಿದಳು.

"ದೇವರು ಹೊರಗ ನಿಂತರೂ ಕಾಣ್ತಾನ. ಮಗಳು ಕಾಣಂಗಿಲ್ಲ," ಎಂದವಳೇ ಹತ್ತಿ ಕೂತಳು.

ಹರಿಗೋಲು ಗರಗರ ತಿರುಗಿತು. ಅವಳು ಕಣ್ಣು ಬಿಟ್ಟದ್ದು ಅದು ಈ ಬಂಡೆಗೆ ತಾಗಿದಾಗಲೇ. ಓಡಿಬಂದ ಮಗಳ ಮೈಕೈ ತಡವಿ ಬಾಸುಂಡೆ ಹುಡುಕಿದಳು, ಒಂದೂ ಇರಲಿಲ್ಲ. ಹೊನ್ನವ್ವ ನಾಚಿ ತಾಯಿಯ ಕಿವಿಗೆ ಬಾಯಿಟ್ಟಳು.

"ಅವ್ವಾ, ಬಸುರಾಗೀನಿ. ಎರಡೂರು ಕೇಳೂ ಹಂಗ ಅದನ್ನ ಹೆಂಗ ಕೂಗಲಿ?"

ಸಂಕವ್ವ ಮಗಳನ್ನು ಪಕ್ಕಕ್ಕೆಳೆದುಕೊಂಡು ಬಂಡೆಯ ಮೇಲೆ ಕೂತು, ಅಳುತ್ತಲೇ ನಕ್ಕಳು. ಚೊಚ್ಚಲ ಹೆರಿಗೆಗೆ ಮಗಳನ್ನು ಅದೇ ತೊಗಲಲ್ಲಿ ಕೂರಿಸಿ ತವರಿಗೆ ಕರೆತಂದಳು. ಮುಂದಿನ ಮಳೆಗಾಲಕ್ಕೆ ಕಟ್ಟಪ್ಪಣೆ ಮಾಡಿದವರೇ ತಮ್ಮ ಹೆಣ್ಣುಮಕ್ಕಳನ್ನು ಕರೆತರಲು ಭರಮನ ಬಾಗಿಲಿಗೆ ಹೋದರು, ಗುಡಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ ಎನ್ನುತ್ತಾರೆ.

ಈಗ ಹರಿಗೋಲೂ ಮೂಲೆ ಸೇರಿದೆ. ಸೇತುವೆಯ ಮೇಲೆ ನಿಂತವರು ಫೋನಿನಲ್ಲಿ ಮತ್ತೆ ಎರಡೂರಿಗೂ ಕೇಳುವಂತೆ ಕಿರುಚುತ್ತಾರೆ. ಆದರೆ ಈ ಸೀಮೆಯ ಹೆಣ್ಣುಮಕ್ಕಳು ಚೊಚ್ಚಲ ಬಸಿರಿನ ಸುದ್ದಿಯನ್ನು ಇಂದಿಗೂ ಈ ಬಂಡೆಯ ಮೇಲೆ, ತಾಯಿಯ ಕಿವಿಯಲ್ಲೇ ಹೇಳುತ್ತಾರೆ. ಅಲ್ಲಿ ಇಬ್ಬರು ಹೆಂಗಸರು ತಲೆಗೆ ತಲೆ ತಾಗಿಸಿ ಕೂತದ್ದು ಕಂಡರೆ, ಬಟ್ಟೆ ಒಗೆಯುತ್ತಿದ್ದ ಅತ್ತೆಯಂದಿರು ಕೈ ನಿಲ್ಲಿಸಿ ಬೇರೆ ಕಡೆ ಮುಖ ತಿರುಗಿಸುತ್ತಾರೆ.